ಗೋಡೆಯಾಚೆಯ ಎಮ್ಮೆಗಳು

ಒಳ್ಳೆಯ ಉದ್ದೇಶದಿಂದ ಮಾಡಿದ್ದೆಲ್ಲವೂ ನ್ಯಾಯವಾಗುತ್ತದೆಯೇ? ರಾಜಸ್ಥಾನದ ಭರತ್‌ಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ, ಏಪ್ರಿಲ್‌ನ ಒಂದು ಬೆಳಗ್ಗೆ ನಡೆಯುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಮಳೆಗಾಲದಲ್ಲಿ ತುಂಬಿ ನಿಂತಿದ್ದ ನೀರು ಹಿಂದೆ ಸರಿದು, ಕೆಸರು ಮತ್ತು ಹಸಿ ಹುಲ್ಲಿನ ಬಯಲು ಉಳಿದಿತ್ತು. ಚಳಿಗಾಲಕ್ಕೆ ಬಂದಿದ್ದ ಬಾತುಗಳಲ್ಲಿ ಬಹುಪಾಲು ಉತ್ತರಕ್ಕೆ ಮರಳಿದ್ದವು. ಆಳೆತ್ತರದ ಸಾರಸ ಕೊಕ್ಕರೆಗಳ ಜೋಡಿಯೊಂದು ಹುಲ್ಲಿನ ನಡುವೆ ಮೇವು ಹುಡುಕುತ್ತಿತ್ತು. ದೂರದಲ್ಲಿ ನೀಲಗಾಯಿಗಳು ಮೇಯುತ್ತಿದ್ದವು. ಇಲ್ಲಿ ಸೈಕಲ್ ರಿಕ್ಷಾ ತುಳಿಯುವವರೇ ಹಕ್ಕಿಗಳ ಪರಿಚಯ ಮಾಡಿಕೊಡುತ್ತಾರೆ. ನನ್ನ ಜೊತೆಗಿದ್ದ ಹಿರಿಯರು ಒಂದೊಂದು ಹಕ್ಕಿಯನ್ನೂ ಹೆಸರು ಹಿಡಿದು ತೋರಿಸಿದರು. ಆಮೇಲೆ ಬಯಲಿನತ್ತ ಕೈ ಮಾಡಿ, "ಮೊದಲು ಇಲ್ಲಿ ನಮ್ಮ ಎಮ್ಮೆಗಳೂ ಇರುತ್ತಿದ್ದವು, ಸಾಹೇಬರೇ" ಎಂದರು. ಅಷ್ಟೇ ಹೇಳಿ ಸುಮ್ಮನಾದರು.

ಈ ಜೌಗು ಪ್ರದೇಶ ಭರತ್‌ಪುರದ ಮಹಾರಾಜರ ಬೇಟೆಯ ತಾಣವಾಗಿತ್ತು. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಹೊಡೆದುರುಳಿಸಲಾಯಿತು. ಆ ಲೆಕ್ಕವನ್ನು ಕೆತ್ತಿದ ಕಲ್ಲು ಇಂದಿಗೂ ಅಲ್ಲಿದೆ. ಸುತ್ತಲ ಹಳ್ಳಿಗಳ ಎಮ್ಮೆಗಳೂ ಬಹುಕಾಲದಿಂದ ಇಲ್ಲೇ ಮೇಯುತ್ತಿದ್ದವು. ಅವುಗಳನ್ನು ಎಣಿಸಿ ಕಲ್ಲಿನಲ್ಲಿ ಕೆತ್ತಿದವರು ಯಾರೂ ಇಲ್ಲ.

1982ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಮೇಯಿಸುವುದನ್ನು ನಿಷೇಧಿಸಲಾಯಿತು. ಬದಲಿ ಮೇವಿಲ್ಲದ ಜನ ಆ ವರ್ಷದ ನವೆಂಬರ್‌ನಲ್ಲಿ ಪ್ರತಿಭಟಿಸಿದರು. ಪೊಲೀಸರ ಗೋಲಿಬಾರಿನಲ್ಲಿ ಹಳ್ಳಿಗರು ಪ್ರಾಣ ಕಳೆದುಕೊಂಡರು. ಈ ತಾಣವನ್ನು ಉಳಿಸಲು ದುಡಿದ ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮೇಯಿಸುವುದನ್ನು ನಿಲ್ಲಿಸಬೇಕೆಂದೇ ಹೇಳುತ್ತಿದ್ದರು. ಅವರ ಉದ್ದೇಶದಲ್ಲಿ ಕೆಡುಕಿರಲಿಲ್ಲ. ಎಮ್ಮೆಗಳು ಹೋದರೆ ಹಕ್ಕಿಗಳಿಗೆ ಒಳಿತಾಗುತ್ತದೆ ಎಂದು ಅವರು ನಂಬಿದ್ದರು.

ಆದದ್ದೇ ಬೇರೆ. ಎಮ್ಮೆಗಳಿಲ್ಲದೆ ಪಾಸ್ಪಾಲಮ್ ಎಂಬ ಹುಲ್ಲು ನೀರಿನ ಮೇಲೆಲ್ಲ ಹಬ್ಬಿತು. ಈಜುವ, ಮೀನು ಹಿಡಿಯುವ ಹಕ್ಕಿಗಳಿಗೆ ತೆರೆದ ನೀರು ಕಡಿಮೆಯಾಯಿತು. ಆ ಹುಲ್ಲನ್ನು ಮಿತಿಯಲ್ಲಿಟ್ಟಿದ್ದುದು ಎಮ್ಮೆಗಳೇ. ಈ ಸತ್ಯವನ್ನು ಕಂಡು ಹೇಳಿದ್ದು ಅದೇ ಸೊಸೈಟಿಯ ವಿಜ್ಞಾನಿಗಳು, ಹತ್ತು ವರ್ಷಗಳ ಅಧ್ಯಯನದ ಬಳಿಕ. ತಮ್ಮದೇ ಸಂಸ್ಥೆಯ ನಿಲುವಿಗೆ ವಿರುದ್ಧವಾದುದನ್ನು ಬರೆಯಲು ಪ್ರಾಮಾಣಿಕತೆ ಬೇಕು. ಅದನ್ನು ಮೆಚ್ಚಲೇಬೇಕು.

ಆದರೆ 'ಕೊನೆಗೂ ಹಳ್ಳಿಗರೇ ಸರಿ ಎಂದಾಯಿತಲ್ಲ' ಎಂದು ನಿಟ್ಟುಸಿರು ಬಿಟ್ಟು ಸಮಾಧಾನಪಟ್ಟರೆ ನಾವು ಇನ್ನೊಂದು ತಪ್ಪು ಮಾಡಿದಂತಾಗುತ್ತದೆ. ಒಂದು ವೇಳೆ ಎಮ್ಮೆಗಳಿಂದ ಹಕ್ಕಿಗಳಿಗೆ ಕೇಡು ಎಂದೇ ಅಧ್ಯಯನ ಹೇಳಿದ್ದರೆ, ಆ ಸಾವುಗಳು ನ್ಯಾಯವಾಗಿಬಿಡುತ್ತಿದ್ದವೇ? ಖಂಡಿತ ಇಲ್ಲ. ಬಡವನ ಹಕ್ಕು ಅವನಿಂದ ಪ್ರಕೃತಿಗಾಗುವ ಉಪಕಾರದ ಮೇಲೆ ನಿಂತಿಲ್ಲ. ಒಂದು ನಿರ್ಧಾರದ ಭಾರ ಯಾರ ಹೆಗಲ ಮೇಲೆ ಬೀಳುತ್ತದೆಯೋ ಅವರನ್ನು ಮೊದಲು ಕೇಳಬೇಕು, ಅವರ ನಷ್ಟಕ್ಕೆ ದಾರಿ ತೋರಿಸಬೇಕು. ಅವರು ಹೇಳುವುದು ತಪ್ಪಾಗಿದ್ದರೂ ಕೇಳಬೇಕು. ವಿಜ್ಞಾನ ತನ್ನ ತಪ್ಪನ್ನು ಹತ್ತು ವರ್ಷಗಳ ನಂತರ ತಿದ್ದಿಕೊಳ್ಳಬಲ್ಲದು. ಗುಂಡು ತಿದ್ದಿಕೊಳ್ಳಲಾರದು.

ಹಕ್ಕಿಗಳನ್ನು ಉಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಮೂಕ ಜೀವಿಗಳ ಪರವಾಗಿ ಮಾತಾಡುವವರು ನಮಗೆ ಬೇಕು. ಆದರೆ ಹಾಗೆ ಮಾತಾಡುವಾಗ, ಮಾತು ಬರುವ ಮನುಷ್ಯನನ್ನು ಮೂಕನನ್ನಾಗಿಸಬಾರದು.

ಮುಂದಿನ ವರ್ಷಗಳಲ್ಲಿ ಹಳ್ಳಿಗರಿಗೆ ಒಳಗಿನ ಹುಲ್ಲನ್ನು ಕೊಯ್ದುಕೊಂಡು ಹೋಗಲು ಅನುಮತಿ ಸಿಕ್ಕಿತು. ಎಮ್ಮೆ ಮೇಯುತ್ತಿದ್ದ ಹುಲ್ಲನ್ನು ಮನುಷ್ಯ ತಲೆಯ ಮೇಲೆ ಹೊತ್ತು ಹೊರಗೆ ತರಬೇಕಾಯಿತು. ಬಿಸಿಲೇರುವಷ್ಟರಲ್ಲಿ ನಾವು ಹಿಂತಿರುಗಿದೆವು. ಸಾರಸ ಜೋಡಿ ಇನ್ನೂ ಅಲ್ಲೇ ಇತ್ತು. ರಿಕ್ಷಾದ ಹಿರಿಯರು ಅದನ್ನು ಮತ್ತೊಮ್ಮೆ ನನಗೆ ತೋರಿಸಿದರು, ತಮ್ಮ ಮನೆಯವರನ್ನು ತೋರಿಸಿದಷ್ಟೇ ಅಕ್ಕರೆಯಿಂದ.