ಹುಡುಗನ ಸಾಲವನ್ನು ಹೊರುವವರು ಯಾರು?



ಇವತ್ತು ಒಂದೇ ಪ್ರಶ್ನೆ ಇಡ್ತೇನೆ. ಹದಿನಾರು ವರ್ಷದ ಹುಡುಗ ಬೈಕ್ ಕದ್ದ. ಅವನನ್ನು ಜೈಲಿಗೆ ಹಾಕಬೇಕಾ, ಬಿಟ್ಟುಬಿಡಬೇಕಾ? "ಬಿಟ್ರೆ ಇನ್ನೂ ಹಾಳಾಗ್ತಾನೆ" ಅಂತ ಕೆಲವರು. "ಪಾಪ, ಹುಡುಗ, ಬಿಡಿ" ಅಂತ ಕೆಲವರು. ಆದರೆ ಬೈಕ್ ಕಳಕೊಂಡವನು ಅದೇ ಬೈಕಿನಲ್ಲಿ ಊಟ ತಲುಪಿಸಿ ಮನೆ ನಡೆಸುವವನಾಗಿದ್ರೆ? ಅವನ ಕಣ್ಣೀರಿಗೂ ಉತ್ತರ ಬೇಕು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ ಹದಿನೆಂಟು ತುಂಬದವರನ್ನು ಲಾಕಪ್ಪಿಗೂ ಜೈಲಿಗೂ ಹಾಕಬಾರದು ಅಂತ ಹೇಳ್ತದೆ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಅಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು ಕೂತಿರ್ತಾರೆ. ಬುದ್ಧಿ ಹೇಳುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ, ದಂಡ, ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ, ಇವು ಅವರ ಕೈಲಿರುವ ದಾರಿಗಳು. ಘೋರ ಅಪರಾಧವಾದರೆ ಮಾತ್ರ, 16 ತುಂಬಿದವನನ್ನು ವಯಸ್ಕನಂತೆ ವಿಚಾರಿಸಬಹುದೋ ಅಂತ ಮೊದಲು ಪರಿಶೀಲಿಸ್ತಾರೆ.

ಆ ಪಟ್ಟಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ದಾರಿ. ತಂದೆತಾಯಿ, ಪೋಷಕರು ಅಥವಾ ಒಬ್ಬ ಯೋಗ್ಯ ವ್ಯಕ್ತಿ ಮುಚ್ಚಳಿಕೆ ಬರೆದುಕೊಟ್ಟರೆ, 3 ವರ್ಷದವರೆಗೆ ಮಗುವನ್ನು ಅವರ ಪಾಲನೆಗೆ ಒಪ್ಪಿಸಬಹುದು.

ಪ್ರಿಯರೇ, ಫಿಲೆಮೋನನಿಗೆ ಬರೆದ ಪತ್ರಿಕೆ ತೆಗೆಯಿರಿ. ಒನೇಸಿಮನನ್ನು ವಾಪಸ್ ಕಳಿಸುವಾಗ ಪೌಲನು "ನಷ್ಟವೇ ಆಗಿಲ್ಲ, ಮರೆತುಬಿಡು" ಅನ್ನಲಿಲ್ಲ. ನಷ್ಟವೋ ಸಾಲವೋ ಏನಿದ್ದರೂ ತನ್ನ ಲೆಕ್ಕಕ್ಕೆ ಹಾಕಲು ಹೇಳಿದ, ತೀರಿಸ್ತೇನೆ ಅಂತ ಸ್ವಂತ ಕೈಯಿಂದಲೇ ಬರೆದ. ಅದು ಮುಚ್ಚಳಿಕೆಯೇ ಅಲ್ವಾ? ಹಲ್ಲೆಲೂಯಾ!

ಕರುಣೆ ಅಂದರೆ ಲೆಕ್ಕ ಅಳಿಸುವುದಲ್ಲ, ಲೆಕ್ಕವನ್ನು ಯಾರೋ ಹೊರುವುದು. ಶಿಲುಬೆಯಲ್ಲೂ ಆದದ್ದು ಅದೇ. ನಮ್ಮ ಪಾಪ ಸಣ್ಣದಾಗಿದ್ದಕ್ಕೆ ನಾವು ಬಿಡುಗಡೆಯಾಗಲಿಲ್ಲ, ಒಬ್ಬಾತನು ಹೊತ್ತಿದ್ದಕ್ಕೆ ಆದೆವು.

"ಪಾಸ್ಟರ್, ಜ್ಞಾನೋಕ್ತಿಗಳಲ್ಲಿ ಬೆತ್ತವೂ ಇದೆಯಲ್ಲಾ?" ಅಂತ ಕೇಳ್ತೀರಿ. ಇದೆ. ಆದರೆ ಆ ಬೆತ್ತ ಯಾರ ಕೈಲಿದೆ ನೋಡಿ. ತಂದೆಯ ಕೈಲಿ. ಶಿಕ್ಷಿಸಿದ ಮೇಲೂ ಅದೇ ಮನೆಯಲ್ಲಿ ಮಗನ ಜೊತೆ ಊಟಕ್ಕೆ ಕೂರುವವನು ತಂದೆ. ಜೈಲಿನ ಗೋಡೆ ಯಾರ ಜೊತೆಗೂ ಊಟಕ್ಕೆ ಕೂರುವುದಿಲ್ಲ.

ಹಾಗಾದರೆ ತಂದೆಯಿಲ್ಲದ ಹುಡುಗನಿಗೆ ಯಾರು? ತಾಯಿ ರಾತ್ರಿ ಪಾಳಿಗೆ ಹೋಗುವ ಮನೆಯ ಹುಡುಗನಿಗೆ ಯಾರು? ಕಾನೂನು ಬಾಗಿಲು ತೆರೆದಿಟ್ಟಿದೆ, ಒಳಗೆ ಬರುವ ಯೋಗ್ಯ ವ್ಯಕ್ತಿ ಬೇಕು. ಪ್ರತಿ ಸಂಜೆ ಅವನು ಎಲ್ಲಿದ್ದಾನೆ ಅಂತ ವಿಚಾರಿಸಬೇಕು. ಶಾಲೆಗೋ ಕೆಲಸ ಕಲಿಯಲಿಕ್ಕೋ ಕಳಿಸಬೇಕು. ಬೈಕ್ ಕಳಕೊಂಡವನ ಮನೆಗೂ ಅವನ ಜೊತೆ ಹೋಗಿ ತಲೆ ತಗ್ಗಿಸಿ ನಿಲ್ಲಬೇಕು. ಸುಲಭ ಅಲ್ಲ. ಅವನು ಮತ್ತೆ ತಪ್ಪಿದರೆ ನಮ್ಮ ಹೆಸರೂ ಕೆಡ್ತದೆ. ಪೌಲನಿಗೂ ಆ ಭಯ ಇರಬಹುದಿತ್ತು, ಆದರೂ ಬರೆದ.

ಅಣ್ಣಂದಿರೇ, ಅಕ್ಕಂದಿರೇ, ಅಂಥ ಒಬ್ಬ ಹುಡುಗನಿಗಾಗಿ ನಮ್ಮ ಸಭೆಯಲ್ಲಿ ಯಾರು ಕೈಬರಹ ಕೊಡ್ತೀರಿ? ಈ ವಾರ ಮೊಣಕಾಲೂರಿ ಇದನ್ನೇ ಕೇಳಿಕೊಳ್ಳೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.