ತಿಳಿಯದೆ ಆದ ತಪ್ಪಿಗೂ ಹೊಣೆ ಉಂಟೇ?

2010ರ ಆಗಸ್ಟ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ಎರಡು ಕಂಪನಿಗಳು ಐವತ್ತು ಕೋಟಿಗೂ ಹೆಚ್ಚು ಮೊಟ್ಟೆಗಳನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡವು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊಕ್ಕ ಮೊಟ್ಟೆ ತಿಂದು ಕಾಯಿಲೆ ಬಿದ್ದವರು, ಲೆಕ್ಕಕ್ಕೆ ಸಿಕ್ಕವರೇ, ಸುಮಾರು 1,900 ಮಂದಿ. ದೊಡ್ಡ ಕಂಪನಿಯ ಮಾಲೀಕ ಜ್ಯಾಕ್ ಡಿಕಾಸ್ಟರ್ ಮತ್ತು ಅವರ ಮಗ ಪೀಟರ್‌ಗೆ 2015ರಲ್ಲಿ ತಲಾ ಮೂರು ತಿಂಗಳ ಜೈಲು ಶಿಕ್ಷೆಯಾಯಿತು.

ಮಾರಿದ ಮೊಟ್ಟೆಯಲ್ಲಿ ಸೋಂಕಿರುವುದು ಇವರಿಗೆ ಗೊತ್ತಿತ್ತೆನ್ನಲು ಪುರಾವೆ ಸಿಕ್ಕಿಲ್ಲವೆಂದು ಸರ್ಕಾರವೇ ಒಪ್ಪಿಕೊಂಡಿತ್ತು. ಆದರೂ ಜೈಲು.

ಗೊತ್ತಿಲ್ಲದೆ ಆದದ್ದಕ್ಕೆ ಪಾಪ ಅಂಟುತ್ತದೆಯೇ? ಕನ್ನಡದ ಓದುಗರಿಗೆ ಇಲ್ಲಿ ಜನ್ನ ನೆನಪಾಗದೆ ಇರಲಾರ. 1209ರಲ್ಲಿ ಅವನು ಬರೆದ 'ಯಶೋಧರ ಚರಿತೆ'ಯಲ್ಲಿ ರಾಜ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕಡಿದದ್ದು ಹಿಟ್ಟನ್ನಾದರೂ ಸಂಕಲ್ಪ ಕೊಲೆಯದು. ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಅಯೋವಾದ ಕಥೆ ಇದಕ್ಕೆ ತಿರುಗುಮುರುಗು. ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ, ನರಳಿದವರು ಮಾತ್ರ ನಿಜವಾದ ಮನುಷ್ಯರು.

ಹಾಗಾದರೆ ಅಪ್ಪ ಮಗ ನಿರ್ದೋಷಿಗಳೇ? ಜೈನ ಚಿಂತನೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೋಡಿಕೊಂಡು ಹೆಜ್ಜೆಯಿಡುವ ಮುನಿಯ ಕಾಲಡಿ ಜೀವವೊಂದು ಸತ್ತರೂ ಅವನಿಗೆ ದೋಷವಿಲ್ಲ; ಎಚ್ಚರಗೆಟ್ಟು ನಡೆಯುವವನಿಗೆ, ಜೀವ ಸಾಯಲಿ ಉಳಿಯಲಿ, ಹಿಂಸೆಯ ದೋಷ ತಪ್ಪದು ಎನ್ನುತ್ತಾರೆ ಕುಂದಕುಂದಾಚಾರ್ಯರು.

ಸಾಲ್ಮೊನೆಲ್ಲಾ ಕಣ್ಣಿಗೆ ಕಾಣುವುದಿಲ್ಲ, ನಿಜ. ಕೋಳಿ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತದೆ. ರೋಗಾಣು ಅದರ ಅಂಡಾಶಯದಲ್ಲಿ ಕುಳಿತು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಸೇರಿರುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗದು. ಆದರೆ ಶೆಡ್ಡುಗಳು ಕಾಣುತ್ತಿದ್ದವಲ್ಲ! ತನಿಖೆಗೆ ಹೋದ ಅಧಿಕಾರಿಗಳ ಎದುರಿಗಿದ್ದದ್ದು ಎಂಟಡಿ ಎತ್ತರದ ಹಿಕ್ಕೆಯ ರಾಶಿ, ಓಡಾಡುವ ಇಲಿಗಳು, ನೊಣ, ಹುಳು. ಅದಕ್ಕೂ ಮೊದಲು, 2006ರಿಂದಲೇ, ಕಂಪನಿಯ ಸ್ವಂತ ಪರೀಕ್ಷೆಗಳಲ್ಲಿ ಶೆಡ್ಡಿನೊಳಗೆ ಸಾಲ್ಮೊನೆಲ್ಲಾ ಮತ್ತೆ ಮತ್ತೆ ಸಿಗುತ್ತಿತ್ತು. ಇಷ್ಟಿದ್ದೂ ಮೊಟ್ಟೆ ಪೇಟೆಗೆ ಹೋಗುತ್ತಲೇ ಇತ್ತು. ಇದು ತಿಳಿಯದಿರುವುದಲ್ಲ, ತಿಳಿದುಕೊಳ್ಳದಿರುವುದು.

ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ, ತಪ್ಪು ಅಡುಗೆಯವರದು ಎಂಬ ವಾದವೂ ಉಂಟು. ಗೃಹಿಣಿಯರಿಗೆ ಅಡುಗೆ ಗೊತ್ತು, ಹಸಿ ಮಾಂಸದ ಮೇಲೆ ಎಚ್ಚರಿಕೆಯ ಬರಹ ಬೇಡವೆಂದು ಅಮೆರಿಕದ ನ್ಯಾಯಾಲಯವೊಂದು 1974ರಲ್ಲಿ ಹೇಳಿತ್ತು. ಅಡುಗೆಮನೆಗೂ ಎಚ್ಚರ ಬೇಕು, ಒಪ್ಪೋಣ. ಆದರೆ ಸಾಕಣೆದಾರ ಕೈಬಿಟ್ಟ ಹೊಣೆಯನ್ನು ತಾಯಂದಿರ ಒಲೆಗೆ ಹೊರಿಸುವುದು ಅನ್ಯಾಯ.

ಅರಿವಿಲ್ಲದ ತಪ್ಪಿಗೆ ಜೈಲು ಸಲ್ಲದೆಂದು ಡಿಕಾಸ್ಟರ್‌ಗಳು ಮೇಲ್ಮನವಿ ಹೋದರು. 2016ರಲ್ಲಿ ಮೂವರು ನ್ಯಾಯಾಧೀಶರ ಪೈಕಿ ಇಬ್ಬರು ಶಿಕ್ಷೆಯನ್ನು ಎತ್ತಿಹಿಡಿದರು. ಮರುವರ್ಷ ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ.