ಬೇಡ ಎನ್ನುವ ಹಕ್ಕು ಯಾರದು?

ಉಪಯೋಗ ಕಡಿಮೆಯಾದ ಕೆಲಸವನ್ನು ಮಕ್ಕಳಿಗೆ ಕಲಿಸಬೇಕೇ? "ಈಗ ಅದು ಯಾರಿಗೆ ಬೇಕು ಮಾರಾಯ್ರೇ" ಎಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಎಸ್ಟೋನಿಯಾ ದೇಶದ ಒಂದು ದೋಣಿಯ ಬಗ್ಗೆ ಓದಿದ ಮೇಲೆ, ಆ ಮಾತು ಅಷ್ಟು ಸುಲಭದ್ದಲ್ಲ ಎಂದು ನನಗೆ ಅನ್ನಿಸುತ್ತಿದೆ.

ಎಸ್ಟೋನಿಯಾ ಯುರೋಪಿನ ಉತ್ತರದಲ್ಲಿ ಬಾಲ್ಟಿಕ್ ಸಮುದ್ರದ ದಂಡೆಗಿರುವ ಸಣ್ಣ ದೇಶ. ಅದರ ನೈಋತ್ಯ ಭಾಗದಲ್ಲಿ ಸೋಮಾ ಎಂಬ ಸೀಮೆ ಇದೆ. ಜೌಗು ನೆಲ ಎಂದೇ ಆ ಹೆಸರಿನ ಅರ್ಥ. ವಸಂತದಲ್ಲಿ ಹಿಮ ಕರಗಿ ಹೊಳೆಗಳು ಉಕ್ಕಿದರೆ ಹುಲ್ಲುಗಾವಲು, ಕಾಡು, ದಾರಿ ಎಲ್ಲವೂ ನೀರಿನಡಿಗೆ ಹೋಗುತ್ತವೆ. ಅಲ್ಲಿಯವರು ಈ ನೆರೆಯನ್ನು 'ಐದನೆಯ ಋತು' ಎನ್ನುತ್ತಾರೆ. ಆ ದಿನಗಳಲ್ಲಿ ಓಡಾಟಕ್ಕೆ ಹಾಬ್ಯಸ್ ಎಂಬ ದೋಣಿಯೇ ಗತಿಯಾಗಿತ್ತು.

ಇದನ್ನು ಒಂದೇ ಆಸ್ಪೆನ್ ಮರದಿಂದ ಮಾಡುತ್ತಾರೆ. ಹಳೆ ಮನೆಗಳ ಮರಿಗೆ ಕಂಡ ನಮಗೆ ಮರ ತೋಡುವುದು ಹೊಸತಲ್ಲ. ಆದರೆ ಇದರ ಗುಟ್ಟು ಇರುವುದು ತೋಡಿದ ಮೇಲೆ. ಕೊಡಲಿ, ಬಾಚಿಗಳಿಂದ ಬದಿಗಳನ್ನು ತೆಳ್ಳಗೆ ಮಾಡಿ, ನೀರಿನಿಂದ ತೋಯಿಸಿ, ಬೆಂಕಿಯ ಶಾಖ ಕೊಟ್ಟು, ಮೆಲ್ಲಮೆಲ್ಲನೆ ಅಗಲಿಸುತ್ತಾರೆ. ಹಾಗಾಗಿ ಮೂಲದ ದಿಮ್ಮಿಗಿಂತ ದೋಣಿ ಅಗಲವಾಗುತ್ತದೆ! ಅವಸರ ಮಾಡಿದರೆ ಮರ ಸೀಳುತ್ತದೆ. ಅದು ಎಷ್ಟು ಬಗ್ಗೀತು ಎಂಬುದು ಪುಸ್ತಕಕ್ಕಿಂತ ಕೈಗೇ ಚೆನ್ನಾಗಿ ಗೊತ್ತು.

ರಸ್ತೆ ಬಂತು, ಬೇರೆ ದೋಣಿಗಳು ಬಂದವು, ಹಳ್ಳಿಗಳಲ್ಲಿ ಜನ ಕಡಿಮೆಯಾದರು. ಬಲ್ಲವರು ಕೆಲವೇ ಮಂದಿ ಉಳಿದರು. 2021ರಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ದೋಣಿಯೊಂದನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟರೆ ಸಾಲದೇ? ಸಾಲದು. ಮ್ಯೂಸಿಯಮ್ಮಿನಲ್ಲಿ ಮರ ಉಳಿಯುತ್ತದೆ, ಬಗ್ಗಿಸುವ ಕೈ ಉಳಿಯುವುದಿಲ್ಲ. ಹಾಗಂತ ಯುವಕರನ್ನು ಕಟ್ಟಿಹಾಕಿ ಕಲಿಸುವುದೂ ನ್ಯಾಯವಲ್ಲ. ಅವರಿಗೆ ಹೊಟ್ಟೆಪಾಡಿದೆ, ಅವರದೇ ಕನಸುಗಳಿವೆ. ಅಜ್ಜನ ದೋಣಿಯನ್ನು ಹೊರುವುದಕ್ಕೆಂದೇ ಮೊಮ್ಮಗ ಹುಟ್ಟಿದ್ದಲ್ಲ.

ಇಲ್ಲಿ ಎರಡು ಮಾತನ್ನು ಬೇರೆಬೇರೆ ಮಾಡಿ ನೋಡಬೇಕು. ಕಲಿಯುವುದು, ಬಿಡುವುದು ಕಿರಿಯರ ಇಷ್ಟ. ತೋರಿಸುವುದು ಮಾತ್ರ ಹಿರಿಯರ ಇಷ್ಟವಲ್ಲ, ಅದು ಋಣ. ಅವರಿಗೂ ಯಾರೋ ಬೆಂಕಿಯ ಪಕ್ಕ ನಿಲ್ಲಿಸಿ ತೋರಿಸಿದ್ದರು ತಾನೆ? "ಈ ಕಾಲದ ಮಕ್ಕಳಿಗೆ ಬೇಡ" ಎಂದು ನಾವೇ ತೀರ್ಮಾನಿಸಿ ಬಾಯಿಮುಚ್ಚಿಕೊಂಡರೆ, ಅವರ ಪರವಾಗಿ ನಾವೇ ಬೇಡ ಎಂದ ಹಾಗಾಯಿತು. ಇನ್ನೂ ಹುಟ್ಟದವರ ಪರವಾಗಿಯೂ ಹೇಳಿದ ಹಾಗಾಯಿತು. ಆ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

ಕಂಡು, ಮುಟ್ಟಿ, ಒಂದು ದಿನವಾದರೂ ಹುಟ್ಟು ಹಾಕಿ ನೋಡಿದ ಹುಡುಗ ಬೇಡ ಎಂದರೆ ಅದು ಅವನ ಆಯ್ಕೆ. ಕಾಣದೇ ಇದ್ದವನಿಗೆ ಆಯ್ಕೆಯೇ ಇರಲಿಲ್ಲ. ಸೋಮಾದಲ್ಲಿ ಈಗಲೂ ಗುರುಗಳು ಶಿಷ್ಯರನ್ನು ಜೊತೆಗಿಟ್ಟುಕೊಂಡು ಮರ ತೋಡುತ್ತಾರೆ. ಆ ಶಿಷ್ಯರಲ್ಲಿ ಎಷ್ಟು ಮಂದಿ ಮುಂದೆ ಸ್ವಂತ ದೋಣಿ ಕಟ್ಟುತ್ತಾರೋ, ಅದು ಅವರಿಗೆ ಬಿಟ್ಟದ್ದು. ಗುರುಗಳಂತೂ ತಮ್ಮ ಪಾಲಿನ ಋಣ ತೀರಿಸುತ್ತಿದ್ದಾರೆ.